300 ನಾಣ್ಯದ ಪೊರಕೆ: ನಮ್ಮ ಮ್ಯಾಜಿಕ್ ಅಂಗಡಿಯ ಬೆಲೆಪಟ್ಟಿ ರಿಪೇರಿ

ನಮ್ಮ ರೋಗ್ (ಆಟದಲ್ಲಿ ಕಳ್ಳನ ಪಾತ್ರ) ಮೂರನೇ ಲೆವೆಲ್‌ನಲ್ಲಿ ಒಂದು ಹಾರುವ ಪೊರಕೆ ಕೊಂಡ. ಬೆಲೆ 300 ಚಿನ್ನದ ನಾಣ್ಯ. ಆ ಬೆಲೆ ಹೇಳಿದವನು ನಾನೇ, ಅಂದರೆ ಡಿಎಂ, ಆಟದ ಕಥೆ ನಡೆಸುವವನು. ಆಟ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್), ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ದಾಳ ಎಸೆದು ಕಥೆ ಆಡುವ ಆಟ. ಐದನೇ ಆವೃತ್ತಿ, 2014ರ ಪುಸ್ತಕಗಳು. ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಪ್ರತಿ ಶನಿವಾರ ಸಂಜೆ ಕೂರುತ್ತೇವೆ. ಆಡುವವರು ನಾಲ್ಕು ಜನ: ಫೈಟರ್ (ಯೋಧ), ರೋಗ್, ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವವಳು), ವಿಝರ್ಡ್ (ಓದಿ ಕಲಿತು ಮಂತ್ರ ಹಾಕುವವಳು).

ಪೊರಕೆ ಕೊಂಡ ಮರುವಾರ ಒಂದು ಪಾಳುಕೋಟೆ ಬಂತು. ಅದರ ಅಂಗಳದಲ್ಲಿ ಒಂದು ಔಲ್‌ಬೇರ್ ಇಟ್ಟಿದ್ದೆ. ಗೂಬೆ ಮುಖದ ಕರಡಿ. 59 ಹಿಟ್ ಪಾಯಿಂಟ್, ಅಂದರೆ ಅಷ್ಟು ಹಾನಿಯಾದರೆ ಸಾಯುತ್ತದೆ. ಆರ್ಮರ್ ಕ್ಲಾಸ್ 13, ಅಂದರೆ ಇಪ್ಪತ್ತು ಮುಖದ ದಾಳ ಮತ್ತು ಬೋನಸ್ ಸೇರಿ ಅಷ್ಟು ಬಂದರೆ ಪೆಟ್ಟು ತಗಲುತ್ತದೆ. ಮೂರನೇ ಲೆವೆಲ್‌ನವರಿಗೆ ಬೆವರಿಳಿಸುವ ಪ್ರಾಣಿ. ಉಳಿದ ಮೂವರು ಹೊರಗಿನಿಂದ ಬಾಗಿಲು ಹಾಕಿಕೊಂಡರು. ರೋಗ್ ಪೊರಕೆ ಏರಿ 60 ಅಡಿ ಮೇಲೆ ಹೋಗಿ ನಿಂತ. ಅವನ ಶಾರ್ಟ್‌ಬೋ, ಅಂದರೆ ಚಿಕ್ಕ ಬಿಲ್ಲು, 80 ಅಡಿವರೆಗೆ ಸಲೀಸಾಗಿ ಹೊಡೆಯುತ್ತದೆ. ಕರಡಿಗೆ ಹಾರಲು ಬರದು, ಎಸೆಯಲು ಕೈಯಲ್ಲಿ ಏನೂ ಇಲ್ಲ. ಒಂದು ಸುತ್ತಿನಲ್ಲಿ, ಅಂದರೆ ಎಲ್ಲರಿಗೂ ಒಂದೊಂದು ಸರದಿ ಮುಗಿಯುವಷ್ಟರಲ್ಲಿ, ಸರಾಸರಿ ನಾಲ್ಕು ಪಾಯಿಂಟ್ ಹಾನಿ. ಹದಿನೈದನೇ ಸುತ್ತಿನಲ್ಲಿ ಕರಡಿ ಸತ್ತಿತು. ಬತ್ತಳಿಕೆಯಲ್ಲಿ ಇನ್ನೂ ಐದು ಬಾಣ ಉಳಿದಿದ್ದವು.

ಫೈಟರ್ ಆಡುವವನು ನನ್ನ ಚಿಕ್ಕಪ್ಪನ ಮಗ. ಆಟ ಮುಗಿದ ಮೇಲೆ ದಾಳಗಳನ್ನು ಡಬ್ಬಿಗೆ ತುಂಬುತ್ತಾ, "ಅಣ್ಣಾ, ಇವತ್ತು ನಾನು ದಾಳ ಎಸೆದಿದ್ದು ಎರಡೇ ಸಲ" ಅಂದ. ಜಗಳಕ್ಕೆ ಅಂದಿದ್ದಲ್ಲ, ಸುಮ್ನೆ ಲೆಕ್ಕ ಹೇಳಿದ ಹಾಗೆ ಅಂದ. ಆ ಮಾತು ನನಗೆ ಚೆನ್ನಾಗಿ ನಾಟಿತು. ಅವನು ವಾರವಿಡೀ ಕೆಲಸ ಮಾಡಿ, ಬಸ್ಸು ಹಿಡಿದು ಬಂದು ಮೂರು ಗಂಟೆ ಕೂತಿದ್ದ. ಅಂದು ರಾತ್ರಿಯೇ ಬೆಲೆಪಟ್ಟಿ ಬಿಚ್ಚಿದೆ.

ಬಿಚ್ಚಿ ನೋಡಿದಾಗ

2014ರ ಡಿಎಂ ಪುಸ್ತಕದಲ್ಲಿ ಮ್ಯಾಜಿಕ್ ವಸ್ತುಗಳಿಗೆ ಒಂದೊಂದಕ್ಕೇ ಬೆಲೆ ಇಲ್ಲ. ರೇರಿಟಿ (ಅಪರೂಪದ ಮಟ್ಟ) ನೋಡಿ ಬೆಲೆ. ಕಾಮನ್ 50ರಿಂದ 100 ನಾಣ್ಯ, ಅನ್‌ಕಾಮನ್ 101ರಿಂದ 500, ರೇರ್ 501ರಿಂದ 5,000, ವೆರಿ ರೇರ್ 5,001ರಿಂದ 50,000, ಅದರ ಮೇಲೆ ಲೆಜೆಂಡರಿ. ಪೊರಕೆ ಅನ್‌ಕಾಮನ್. ನಾನು ನಡುವಿನ ಅಂಕಿ ಹಿಡಿದು 300 ಅಂದಿದ್ದೆ.

ಆಮೇಲೆ ಹಾರಿಸುವ ಕೆಲವು ವಸ್ತುಗಳನ್ನು ಒಂದೇ ಕಾಗದದಲ್ಲಿ ಪಕ್ಕಪಕ್ಕ ಬರೆದೆ. ರೆಕ್ಕೆಯ ಹೊದಿಕೆ, ಅಂದರೆ ವಿಂಗ್ಸ್ ಆಫ್ ಫ್ಲೈಯಿಂಗ್, ರೇರ್. ಒಂದು ಗಂಟೆ ಹಾರಬಹುದು, ಆಮೇಲೆ 1ಡಿ12 ಗಂಟೆ, ಅಂದರೆ ಹನ್ನೆರಡು ಮುಖದ ಒಂದು ದಾಳದಲ್ಲಿ ಬಿದ್ದಷ್ಟು ಗಂಟೆ, ಅದು ಕೆಲಸ ಮಾಡದು. ಅಟ್ಯೂನ್‌ಮೆಂಟ್ ಬೇಕು, ಅಂದರೆ ಹಾಕಿಕೊಳ್ಳುವವರು ವಸ್ತುವಿನ ಜೊತೆ ನಂಟು ಬೆಸೆದುಕೊಳ್ಳಬೇಕು. ಒಬ್ಬರು ಒಂದು ಸಲಕ್ಕೆ ಮೂರೇ ವಸ್ತುವಿಗೆ ಅಟ್ಯೂನ್ ಆಗಬಹುದು, ಹಾಗಾಗಿ ಅದೂ ಒಂದು ಖರ್ಚೇ. ಗಾಳಿಯಲ್ಲಿ ಬರೀ ಮೇಲೆ ಕೆಳಗೆ ಹೋಗುವ ಲೆವಿಟೇಶನ್ ಬೂಟು ಕೂಡ ರೇರ್, ಅದಕ್ಕೂ ಅಟ್ಯೂನ್‌ಮೆಂಟ್. ಒಂದು ಗಂಟೆ ಹಾರಿಸಿ ಮುಗಿದುಹೋಗುವ ಮದ್ದು ವೆರಿ ರೇರ್. ನಮ್ಮ ಪೊರಕೆಯೋ, ಒಂದು ಸುತ್ತಿನಲ್ಲಿ 50 ಅಡಿ ಹಾರುತ್ತದೆ, ದಿನವಿಡೀ ಹಾರುತ್ತದೆ, 400 ಪೌಂಡ್ ಹೊರುತ್ತದೆ, ಅಟ್ಯೂನ್‌ಮೆಂಟ್ ಬೇಡ. ಆದರೂ ಇವೆಲ್ಲಕ್ಕಿಂತ ಅಗ್ಗ.

ಇದೊಂದೇ ಅಲ್ಲ. ಕ್ಲೋಕ್ ಆಫ್ ಪ್ರೊಟೆಕ್ಷನ್ ಎಂಬ ಕಾಪಾಡುವ ಹೊದಿಕೆ ಆರ್ಮರ್ ಕ್ಲಾಸ್‌ಗೆ ಒಂದು, ಸೇವ್‌ಗಳಿಗೆ (ಮಂತ್ರ, ವಿಷದಂಥವುಗಳಿಂದ ತಪ್ಪಿಸಿಕೊಳ್ಳಲು ಎಸೆಯುವ ದಾಳ) ಒಂದು ಕೊಡುತ್ತದೆ. ರಿಂಗ್ ಆಫ್ ಪ್ರೊಟೆಕ್ಷನ್ ಕೊಡುವುದೂ ಅಷ್ಟೇ, ಒಂದು ಕೂದಲೆಳೆಯೂ ಜಾಸ್ತಿ ಇಲ್ಲ. ಆದರೆ ಹೊದಿಕೆ ಅನ್‌ಕಾಮನ್, ಉಂಗುರ ರೇರ್. ಪುಸ್ತಕದ ಬೆಲೆ ಹಿಡಿದರೆ ಹೊದಿಕೆಯನ್ನು 200ಕ್ಕೂ ಉಂಗುರವನ್ನು 4,000ಕ್ಕೂ ಮಾರಬಹುದು. ರೇರಿಟಿ ಹೇಳುವುದು ವಸ್ತು ಎಷ್ಟು ಅಪರೂಪ ಅಂತ. ಅದು ಮೇಜಿನ ಮೇಲೆ ಎಷ್ಟು ಕೆಲಸ ಮಾಡುತ್ತದೆ ಅಂತ ಅಲ್ಲ. ಇವೆರಡನ್ನೂ ಒಂದೇ ಅಂದುಕೊಂಡಿದ್ದೇ ನನ್ನ ತಪ್ಪು.

ಮೊದಲ ರಿಪೇರಿ: ಹಳೇ ಸೂತ್ರ

2003ರ 3.5 ಆವೃತ್ತಿಯಲ್ಲಿ ಬೆಲೆಗೆ ಸೂತ್ರಗಳೇ ಇದ್ದವು. ಕತ್ತಿಯ ಬೋನಸ್‌ನ (ಹೊಡೆಯುವ ದಾಳಕ್ಕೂ ಹಾನಿಗೂ ಸೇರುವ ಅಂಕಿ) ವರ್ಗವನ್ನು 2,000ದಿಂದ ಗುಣಿಸಬೇಕು. +1ಕ್ಕೆ 2,000, +2ಕ್ಕೆ 8,000, +3ಕ್ಕೆ 18,000. ಸದಾ ನಡೆಯುವ ಮಂತ್ರವಾದರೆ ಮಂತ್ರದ ಲೆವೆಲ್, ಹಾಕುವವರ ಲೆವೆಲ್, ಇವೆರಡನ್ನೂ ಗುಣಿಸಿ ಮತ್ತೆ 2,000. ಅಲ್ಲಿ ಪೊರಕೆಗೆ 17,000, ರೆಕ್ಕೆಗೆ 54,000. ಐದನೇ ಲೆವೆಲ್‌ನವರ ಬಳಿ ಇರಬೇಕಾದ ಒಟ್ಟು ಆಸ್ತಿ 9,000 ಅಂತ ಆ ಪುಸ್ತಕದಲ್ಲೇ ಇದೆ. ಹಾಗಾಗಿ ಆ ಲೆವೆಲ್‌ನಲ್ಲಿ ಪೊರಕೆ ಕೈಗೆ ಎಟುಕುತ್ತಲೇ ಇರಲಿಲ್ಲ.

ನನಗೆ ಖುಷಿಯಾಯಿತು. ಎಲ್ಲವನ್ನೂ ನಾಲ್ಕರಿಂದ ಭಾಗಿಸಿ ಶೀಟಿಗೆ ಹಾಕಿದೆ. +1 ಕತ್ತಿ 500, +2 ಕತ್ತಿ 2,000, +3 ಕತ್ತಿ 4,500. ನೋಡಲು ಚೆಂದವಾಗಿತ್ತು. ಎರಡು ದಿನದಲ್ಲಿ ಒಡೆದುಹೋಯಿತು.

ಒಡೆದಿದ್ದು ಆದಾಯದ ಕಡೆಯಿಂದ. ಐದನೇ ಆವೃತ್ತಿಯಲ್ಲಿ ನಿಧಿ ಎಷ್ಟು ಸಿಗಬೇಕು ಅಂತ ಕೋಷ್ಟಕ ಇದೆ. ಕಡಿಮೆ ಮಟ್ಟದ ನಿಧಿಯಲ್ಲಿ ನಾಣ್ಯ ಸರಾಸರಿ 196 ಚಿನ್ನದಷ್ಟು. ನಾಲ್ಕನೇ ಲೆವೆಲ್ ಮುಗಿಯುವಷ್ಟರಲ್ಲಿ ಅಂಥ ಏಳು ನಿಧಿ. ಒಟ್ಟು 1,372. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 343. ರತ್ನ, ಕಲಾವಸ್ತು ಬೇರೆ. ಆಮೇಲೆ ಐದರಿಂದ ಹತ್ತನೇ ಲೆವೆಲ್‌ವರೆಗೆ ಹದಿನೆಂಟು ನಿಧಿ, ಒಂದೊಂದರಲ್ಲಿ ಸರಾಸರಿ 3,857. ಒಟ್ಟು 69,426. ತಲೆಗೆ 17,000ದ ಮೇಲೆ.

ಈ ಎರಡು ಅಂಕಿಗಳನ್ನು ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. 343 ಮತ್ತು 17,356. ಐವತ್ತು ಪಟ್ಟು. ಪ್ಲೇಟ್ ಆರ್ಮರ್ ಅಂದರೆ ಲೋಹದ ಕವಚ, ಅದರಲ್ಲಿ ಮ್ಯಾಜಿಕ್ ಏನೂ ಇಲ್ಲ, 1,500 ನಾಣ್ಯ. ಮೊದಲ ಹಂತದಲ್ಲಿ ಇಡೀ ತಂಡದ ನಾಣ್ಯ ಒಟ್ಟು ಹಾಕಿದರೂ ಅದೊಂದು ಬರದು. ಎರಡನೇ ಹಂತದಲ್ಲಿ ಅದೇ ಫೈಟರ್ ನನ್ನ 4,500ರ +3 ಕತ್ತಿಯನ್ನು ಮೂರು ಸಲ ಕೊಂಡು ಚಿಲ್ಲರೆ ಇಸಕೊಂಡು ಹೋಗುತ್ತಾನೆ. ಹಳೇ ಸೂತ್ರ ಹಳೇ ಆಟದ ಸಂಪಾದನೆಗೆ ಹೊಂದಿಸಿದ್ದು. ಅದನ್ನು ಭಾಗಿಸಿದ ಮಾತ್ರಕ್ಕೆ ಇಲ್ಲಿಗೆ ಒಗ್ಗುವುದಿಲ್ಲ. ಈ ಸೂತ್ರಗಳು ಬರೀ ಆರಂಭಕ್ಕೆ, ನಿಜವಾದ ಬೆಲೆ ವಸ್ತು ನೋಡಿ ಹೇಳಬೇಕು ಅಂತ ಆ ಹಳೇ ಪುಸ್ತಕವೇ ಹೇಳುತ್ತದೆ. ಅದನ್ನು ನಾನು ಮೊದಲೇ ನಿಧಾನವಾಗಿ ಓದಬೇಕಿತ್ತು.

ಕತ್ತಿಗಳನ್ನು ತೂಗಿದ್ದು

ಎರಡನೇ ಸಲ ವಸ್ತುವಿನಿಂದಲೇ ಶುರು ಮಾಡಿದೆ. ಕತ್ತಿ ಸುಲಭ, ಅಳೆಯಲು ಅಂಕಿ ಇದೆ.

ಐದನೇ ಲೆವೆಲ್ ಫೈಟರ್, ಬಲ 18. ಹೊಡೆಯಲು ದಾಳಕ್ಕೆ +7. ಲಾಂಗ್‌ಸ್ವೋರ್ಡ್ ಒಂದು ಏಟಿಗೆ ಸರಾಸರಿ 8.5. ಒಂದು ಸುತ್ತಿನಲ್ಲಿ ಎರಡು ಏಟು. ಎದುರಾಳಿಯ ಆರ್ಮರ್ ಕ್ಲಾಸ್ 15 ಇದ್ದರೆ ಶೇಕಡಾ 65 ತಗಲುತ್ತದೆ. ಕ್ರಿಟಿಕಲ್ (ದಾಳದಲ್ಲಿ 20 ಬಿದ್ದಾಗಿನ ಹೆಚ್ಚುವರಿ ಹಾನಿ) ಬಿಟ್ಟು ಲೆಕ್ಕ ಹಾಕಿದರೆ ಒಂದು ಸುತ್ತಿನಲ್ಲಿ 11.05 ಹಾನಿ. ಇದು ಸಾದಾ ಕತ್ತಿ.

+1 ಕತ್ತಿಯಲ್ಲಿ ಅದು 13.3 ಆಗುತ್ತದೆ. ಶೇಕಡಾ 20 ಹೆಚ್ಚು. +1 ಅಂದರೆ ಒಂದೇ ಒಂದು ಅಂತ ಕೈಬೀಸುವವರು ಈ ಅಂಕಿ ನೋಡಬೇಕು. ಹೊಡೆತ ತಗಲುವುದೂ ಏರುತ್ತದೆ, ತಗಲಿದ ಮೇಲಿನ ಹಾನಿಯೂ ಏರುತ್ತದೆ, ಎರಡೂ ಸೇರಿ ಗುಣಿಸಿಕೊಳ್ಳುತ್ತವೆ. +2ಕ್ಕೆ 15.75. +3ಕ್ಕೆ 18.4, ಅಂದರೆ ಸಾದಾ ಕತ್ತಿಗಿಂತ ಮೂರನೇ ಎರಡು ಭಾಗ ಹೆಚ್ಚು.

ಈಗ ಫ್ಲೇಮ್ ಟಂಗ್ ನೋಡಿ. ಉರಿಯುವ ಕತ್ತಿ. ಹೊಡೆಯಲು ಬೋನಸ್ ಇಲ್ಲ, ತಗಲಿದಾಗ 2ಡಿ6 ಬೆಂಕಿ. ಲೆಕ್ಕ ಹಾಕಿದರೆ 20.15. ರೇರ್ ಕತ್ತಿ ವೆರಿ ರೇರ್ ಕತ್ತಿಯನ್ನು ಹಿಂದೆ ಹಾಕಿತು! ನಾನು ಇದನ್ನು ಮೂರು ಸಲ ಲೆಕ್ಕ ಹಾಕಿದೆ, ತಪ್ಪಿರಬೇಕು ಅಂತ. ತಪ್ಪಿಲ್ಲ. ಬೆಂಕಿಯನ್ನು ಅರ್ಧ ತಡೆಯುವ ಪ್ರಾಣಿಯ ಮೇಲೆ ಅದು 15.6ಕ್ಕೆ ಇಳಿಯುತ್ತದೆ, +2 ಕತ್ತಿಯ ಮಟ್ಟಕ್ಕೆ. ಬೆಂಕಿ ತಾಗದ ಪ್ರಾಣಿಯ ಮೇಲೆ ಸಾದಾ ಕತ್ತಿ. ಜೊತೆಗೆ ಅಟ್ಯೂನ್‌ಮೆಂಟ್ ಬೇಕು, ಹಚ್ಚಲು ಒಂದು ಬೋನಸ್ ಆಕ್ಷನ್ (ಸರದಿಯಲ್ಲಿ ಮಾಡಬಹುದಾದ ಒಂದು ಚಿಕ್ಕ ಕೆಲಸ) ಬೇಕು. ಇದೆಲ್ಲ ಕಳೆದರೂ +3ಕ್ಕೆ ಸಮ ಸಮ ನಿಲ್ಲುತ್ತದೆ.

ಶೀಟಿನಲ್ಲಿ ಹೀಗೆ ಬರೆದೆ: +1 ಕತ್ತಿ 1,000. +2 ಕತ್ತಿ 5,000. +3 ಕತ್ತಿ 15,000. ಫ್ಲೇಮ್ ಟಂಗ್ 14,000. ಬೆಲೆ ಇಷ್ಟು ಜೋರಾಗಿ ಏರುವುದು ಕತ್ತಿಯ ಶಕ್ತಿಗಾಗಿ ಅಲ್ಲ, ಜೇಬಿಗಾಗಿ. ಬೋನಸ್ ಮೂರು ಪಟ್ಟು ಆಗುವಷ್ಟರಲ್ಲಿ ಹಣ ಐವತ್ತು ಪಟ್ಟು ಆಗಿರುತ್ತದೆ. +1 ಕತ್ತಿ ಬೇಕು ಅಂದರೆ ಮೊದಲ ಹಂತದಲ್ಲಿ ಮೂರು ಜನ ತಮ್ಮ ಪಾಲು ಒಟ್ಟು ಹಾಕಬೇಕು. ಯಾರಿಗೆ ಕೊಡಿಸೋದು ಅಂತ ಅವರೇ ಮಾತಾಡಿಕೊಳ್ಳಬೇಕು. ಆ ಮಾತುಕತೆ ನನಗೆ ಇಷ್ಟ.

ಗುರಾಣಿ, ಹೊದಿಕೆ, ಉಂಗುರದ್ದು ಬೇರೆ ಸ್ವಭಾವ. ಒಂದೊಂದಾಗಿ ನೋಡಿದರೆ ಚಿಕ್ಕವು, ಒಟ್ಟಿಗೆ ಸೇರಿದಾಗ ದೊಡ್ಡವು. ಪ್ಲೇಟ್ ಆರ್ಮರ್ ಮತ್ತು ಗುರಾಣಿ ಸೇರಿ ಆರ್ಮರ್ ಕ್ಲಾಸ್ 20. ಹೊಡೆಯಲು +6 ಇರುವ ಪ್ರಾಣಿಗೆ ಶೇಕಡಾ 35 ತಗಲುತ್ತದೆ. +1 ಗುರಾಣಿ, ಹೊದಿಕೆ, ಉಂಗುರ ಮೂರೂ ಹಾಕಿದರೆ 23. ಈಗ ಶೇಕಡಾ 20 ಮಾತ್ರ. ಅಂದರೆ ತಿನ್ನುವ ಪೆಟ್ಟು ಅರ್ಧಕ್ಕಿಂತ ಸ್ವಲ್ಪ ಮೇಲೆ ಉಳಿಯುತ್ತದೆ. ಹೊದಿಕೆಗೂ ಉಂಗುರಕ್ಕೂ ಒಂದೇ ಬೆಲೆ ಹಾಕಿದೆ, 1,500. ಎರಡನ್ನೂ ಒಬ್ಬನೇ ಹಾಕಿಕೊಂಡರೆ ಮೂರರಲ್ಲಿ ಎರಡು ಅಟ್ಯೂನ್‌ಮೆಂಟ್ ಹೋಗುತ್ತದೆ, ಅದೇ ತಡೆ. ಅಟ್ಯೂನ್‌ಮೆಂಟ್ ಕೇಳದ +1 ಗುರಾಣಿಗೆ 1,200.

ಮತ್ತೆ ಪೊರಕೆ

ಹಾರುವುದನ್ನು ಶೇಕಡಾದಲ್ಲಿ ಅಳೆಯಲು ಆಗುವುದಿಲ್ಲ. ಅದು ಹಾನಿ ಮಾಡುವುದಿಲ್ಲ, ಪ್ರಶ್ನೆಯನ್ನೇ ಅಳಿಸಿಹಾಕುತ್ತದೆ. ಕಂದಕ, ಗೋಡೆ, ನದಿ, ಓಡಿ ಬರುವ ಕರಡಿ, ಎಲ್ಲ ಒಂದೇ ಏಟಿಗೆ.

ಇಂಥವಕ್ಕೆ ನಾನು ಕೇಳಿಕೊಂಡಿದ್ದು ಒಂದೇ: ಆಟ ಇದನ್ನು ಯಾವ ಲೆವೆಲ್‌ನಲ್ಲಿ, ಯಾರಿಗೆ, ಎಷ್ಟು ಹೊತ್ತು ಕೊಡುತ್ತದೆ? ವಿಝರ್ಡ್‌ಗೆ ಹಾರುವ ಮಂತ್ರ ಐದನೇ ಲೆವೆಲ್‌ನಲ್ಲಿ ಸಿಗುತ್ತದೆ. ಆಗ ಅವಳ ಹತ್ತಿರ ಆ ಮಟ್ಟದ ಸ್ಲಾಟ್, ಅಂದರೆ ದಿನಕ್ಕೆ ಮಂತ್ರ ಹಾಕುವ ಅವಕಾಶ, ಎರಡೇ. ಒಂದು ಸ್ಲಾಟಿಗೆ ಹತ್ತು ನಿಮಿಷ, ಅದೂ ಕಾನ್ಸಂಟ್ರೇಶನ್ ಹಿಡಿದುಕೊಂಡು, ಪೆಟ್ಟು ಬಿದ್ದರೆ ಕೆಳಗೆ ಬೀಳುವ ಭಯ. ನಾನು ಅದನ್ನೇ ಮೂರನೇ ಲೆವೆಲ್‌ನಲ್ಲಿ, ಬೇರೊಬ್ಬನಿಗೆ, ದಿನವಿಡೀ, 300 ನಾಣ್ಯಕ್ಕೆ ಕೊಟ್ಟಿದ್ದೆ. ಫೈಟರ್‌ಗೆ ಅನ್ಯಾಯ ಆಗಿದ್ದು ಕಣ್ಣಿಗೆ ಕಂಡಿತ್ತು. ವಿಝರ್ಡ್‌ಗೂ ಆಗಿತ್ತು ಅನ್ನೋದು ಆಗ ಹೊಳೆಯಿತು. ಇನ್ನೆರಡು ಲೆವೆಲ್ ಕಾದು ಪಡೆಯಬೇಕಾದ ಅವಳ ಸಂಭ್ರಮವನ್ನು ನಾನು ಮೊದಲೇ ಅಂಗಡಿಯಲ್ಲಿ ಮಾರಿದ್ದೆ.

ಹೊಸ ಬೆಲೆ 6,000 ಅಂತ ಬರೆದೆ. ಅದು ಮುಂದಿನ ಪೊರಕೆಗೆ. ಈಗಾಗಲೇ ಕೈಯಲ್ಲಿರುವುದಕ್ಕೆ ಏನು ಮಾಡುವುದು? ರೋಗ್ ಆಡುವವನು ಕಾಲೇಜಿನಿಂದಲೂ ಗೆಳೆಯ. ಫೋನ್ ಮಾಡಿ ವಿಷಯ ಬಿಚ್ಚಿ ಹೇಳಿದೆ. "ಕಿತ್ಕೋಬೇಡ ಮಾರಾಯ, ಬೇರೆ ಏನು ಬೇಕಾದ್ರೂ ಮಾಡು" ಅಂದ. ಸರಿಯಾದ ಮಾತು. ಕೊಟ್ಟ ವಸ್ತುವನ್ನು ಕಳ್ಳರ ಕೈಲಿ ಕದಿಸುವ ಡಿಎಂಗಳನ್ನು ನೋಡಿದ್ದೇನೆ, ನನಗೆ ಅದು ಹಿಡಿಸುವುದಿಲ್ಲ. ಆಟಗಾರ ನಿಯಮದ ಪ್ರಕಾರ ಕೊಂಡಿದ್ದಾನೆ.

ಇಬ್ಬರೂ ಸೇರಿ ಒಂದೇ ಸಾಲು ಸೇರಿಸಿದೆವು: ಹಾರುವಾಗ ಪೊರಕೆಯನ್ನು ಒಂದು ಕೈಯಲ್ಲಿ ಹಿಡಿದಿರಬೇಕು. ಅಷ್ಟೇ. ಶಾರ್ಟ್‌ಬೋಗೆ ಎರಡು ಕೈ ಬೇಕು, ಹಾಗಾಗಿ ಮೇಲಿನಿಂದ ಬಾಣದ ಮಳೆ ನಿಂತಿತು. ಗೋಡೆ ಹತ್ತುವುದು, ಕಂದಕ ದಾಟುವುದು, ಕಿಟಕಿಯಲ್ಲಿ ಇಣುಕುವುದು, ಎಲ್ಲ ಹಾಗೇ ಉಳಿಯಿತು. ಅವು ರೋಗ್ ಮಾಡಬೇಕಾದ ಕೆಲಸಗಳೇ ಅಲ್ವಾ.

ಮುಂದಿನ ಶನಿವಾರವೇ ಅವನು ದಾರಿ ಹುಡುಕಿಕೊಂಡು ಬಂದ. 75 ನಾಣ್ಯ ಕೊಟ್ಟು ಹ್ಯಾಂಡ್ ಕ್ರಾಸ್‌ಬೋ, ಅಂದರೆ ಚಿಕ್ಕ ಅಡ್ಡಬಿಲ್ಲು, ಕೊಂಡಿದ್ದ. ಒಂದೇ ಕೈಯಲ್ಲಿ ಹೊಡೆಯಬಹುದು. ಆದರೆ ಬಾಣ ತುಂಬಲು ಇನ್ನೊಂದು ಕೈ ಖಾಲಿ ಇರಬೇಕು, ಆ ಕೈಯಲ್ಲಿ ಪೊರಕೆ ಇದೆ. ಅದು ಸರಾಗ ಹೊಡೆಯುವುದೂ 30 ಅಡಿವರೆಗೆ ಮಾತ್ರ. ಹೀಗಾಗಿ ಅವನು ತುಂಬಿಕೊಂಡು ಏರುತ್ತಾನೆ, ಹತ್ತಿರ ಬಂದು ಒಂದು ಬಾಣ ಬಿಡುತ್ತಾನೆ, ಇಳಿದು ಫೈಟರ್ ಬೆನ್ನ ಹಿಂದೆ ನಿಂತು ಮತ್ತೆ ತುಂಬುತ್ತಾನೆ. ನೋಡಲು ಬಹಳ ಚೆನ್ನಾಗಿದೆ. ಫೈಟರ್ ಈಗ ಅವನಿಗೆ ಇಳಿಯುವ ಜಾಗ ಕಾಯುತ್ತಾನೆ. ಈ ಒಂದು ಸಾಲು ಬಿದ್ದ ಮೇಲೆ ಪೊರಕೆ 6,000ದ ವಸ್ತು ಅಲ್ಲ. 2,500ಕ್ಕೆ ಇಳಿಸಿದೆ.

ಮದ್ದುಗಳು

ಇದು ಬೇಗ ಮುಗಿಯಿತು. ಪಾಯಿಂಟಿಗೆ ಎಷ್ಟು ನಾಣ್ಯ ಅಂತ ನೋಡಿದರೆ ಸಾಕು. ಸಾದಾ ಹೀಲಿಂಗ್ ಮದ್ದು 50 ನಾಣ್ಯ, ಸರಾಸರಿ 7 ಪಾಯಿಂಟ್. ಪಾಯಿಂಟಿಗೆ ಏಳು ನಾಣ್ಯ. 2024ರ ಹೊಸ ಡಿಎಂ ಪುಸ್ತಕ ರೇರಿಟಿಗೆ ಒಂದೊಂದೇ ಬೆಲೆ ಹಾಕಿದೆ: 100, 400, 4,000, 40,000, 2,00,000, ಬಳಸಿ ಮುಗಿಯುವ ವಸ್ತುವಿಗೆ ಅದರ ಅರ್ಧ. ಹಾಗೆ ಹಿಡಿದರೆ ಸಾದಾ ಮದ್ದಿನ ಮೇಲಿನ ಮಟ್ಟದ ಗ್ರೇಟರ್ ಮದ್ದು ಪಾಯಿಂಟಿಗೆ 14, ಸುಪೀರಿಯರ್ 71, ಸುಪ್ರೀಮ್ 444. ಸುಪ್ರೀಮ್ ಒಂದು ಬಾಟಲಿ 45 ಪಾಯಿಂಟ್ ಕೊಡುತ್ತದೆ, ಬೆಲೆ 20,000. ಯಾರು ಕೊಳ್ಳುತ್ತಾರೆ? ದೊಡ್ಡ ಬಾಟಲಿಗೆ ಸ್ವಲ್ಪ ಜಾಸ್ತಿ ಕೊಡುವುದು ನ್ಯಾಯ, ಯಾಕೆಂದರೆ ಒಂದೇ ಆಕ್ಷನ್‌ನಲ್ಲಿ ಅಷ್ಟೂ ಸಿಗುತ್ತದೆ. ನಾನು 50, 150, 500, 1,200 ಅಂತ ಹಾಕಿದೆ. ಈಗ ಬಾಟಲಿಗಳು ನಿಜವಾಗಿ ಖರ್ಚಾಗುತ್ತಿವೆ. ಮೊದಲು ಎಲ್ಲರೂ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು.

ಅಂಗಡಿ ಪರೀಕ್ಷೆ

ಶೀಟು ಮುಗಿದ ಮೇಲೆ ಒಂದು ಶನಿವಾರ ಕಥೆ ಆಡಲಿಲ್ಲ. ನಾಲ್ವರಿಗೂ ಎಂಟನೇ ಲೆವೆಲ್ ಪಾತ್ರ ಕೊಟ್ಟು, ತಲೆಗೆ 17,000 ನಾಣ್ಯ ಕೊಟ್ಟು, ಪಟ್ಟಿ ಮುಂದಿಟ್ಟೆ. ಮಾತಾಡದೆ ಕೊಳ್ಳಬೇಕು, ಕೊಂಡ ಕ್ರಮದಲ್ಲೇ ಬರೆಯಬೇಕು. ಎಲ್ಲರೂ ಮೊದಲು ಕೈ ಹಾಕಿದ್ದು ಅಗ್ಗ, ಯಾರೂ ಮುಟ್ಟದ್ದು ದುಬಾರಿ. ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಯಾವ ಸೂತ್ರವೂ ಹೇಳದ್ದನ್ನು ನಾಲ್ಕು ಚೀಟಿ ಹೇಳಿದವು.

ನಾಲ್ಕೂ ಚೀಟಿಯ ಮೊದಲ ಸಾಲು: ಕ್ಲೋಕ್ ಆಫ್ ಪ್ರೊಟೆಕ್ಷನ್. ಕತ್ತಿ ಹಿಡಿಯುವವರಿಗೂ ಬೇಕು, ಮಂತ್ರ ಹಾಕುವವರಿಗೂ ಬೇಕು. ನಾನು ಫೈಟರ್‌ನ ಕಣ್ಣಿನಿಂದ ಮಾತ್ರ ಅದನ್ನು ತೂಗಿದ್ದೆ. ಹೊದಿಕೆ, ಉಂಗುರ ಎರಡನ್ನೂ 3,000ಕ್ಕೆ ಏರಿಸಿದೆ.

ಯಾರೂ ಮುಟ್ಟದ್ದು ಇಮ್ಮೂವಬಲ್ ರಾಡ್. ಗುಂಡಿ ಒತ್ತಿದರೆ ಇದ್ದಲ್ಲೇ ನಿಲ್ಲುವ ಕಬ್ಬಿಣದ ಕಂಬಿ, 8,000 ಪೌಂಡ್ ತಡೆಯುತ್ತದೆ. 1,500 ಹಾಕಿದ್ದೆ. ನನಗೆ ಬಹಳ ಪ್ರೀತಿಯ ವಸ್ತು, ಬೆಲೆಯಲ್ಲಿ ಆ ಪ್ರೀತಿ ಸೇರಿಹೋಗಿತ್ತು. 600ಕ್ಕೆ ಇಳಿಸಿದೆ. ನಿಜವಾದ ಆಟದಲ್ಲಿ ವಿಝರ್ಡ್ ಅದನ್ನು ಕೊಂಡಳು. ಮೂರು ವಾರದ ಮೇಲೆ ಒಂದು ಸುರಂಗದಲ್ಲಿ ಓಗರ್ ಎಂಬ ದೈತ್ಯರು ಅಟ್ಟಿಸಿಕೊಂಡು ಬರುತ್ತಿದ್ದರು. ಬಾಗಿಲಿಗೆ ಚಿಲಕ ಇಲ್ಲ. ಅವಳು ಕಂಬಿಯನ್ನು ಬಾಗಿಲಿಗೆ ಅಡ್ಡ ಇಟ್ಟು, ಮೇಜಿನ ಮೇಲೆ ಹೆಬ್ಬೆರಳಿನಿಂದ ಟಕ್ ಅಂತ ಒತ್ತಿ ತೋರಿಸಿದಳು. ಅದನ್ನು ಸರಿಸಬೇಕಾದರೆ ಬಲದ ಮೇಲೆ 30 ಬರಬೇಕು. ಓಗರ್‌ಗೆ ದಾಳದಲ್ಲಿ 20 ಬಿದ್ದರೂ ಬಲದ +4 ಸೇರಿ 24. ಆಗುವುದಿಲ್ಲ. ಎಲ್ಲರೂ ಎದ್ದು ನಿಂತುಬಿಟ್ಟರು.

ಖಾಲಿ ಕೋಶ

ಶೀಟಿನಲ್ಲಿ ಒಂದು ಸಾಲಿಗೆ ಇನ್ನೂ ಬೆಲೆ ಇಲ್ಲ. ಡಿಕ್ಯಾಂಟರ್ ಆಫ್ ಎಂಡ್‌ಲೆಸ್ ವಾಟರ್, ಬತ್ತದ ನೀರಿನ ಹೂಜಿ. ಪುಸ್ತಕದಲ್ಲಿ ಅನ್‌ಕಾಮನ್. ಜೋರಾಗಿ ಬಿಡು ಅಂದರೆ ಒಂದು ಸುತ್ತಿಗೆ, ಅಂದರೆ ಆರು ಸೆಕೆಂಡಿಗೆ, 30 ಗ್ಯಾಲನ್. ಪ್ರತಿ ಸುತ್ತೂ ಮತ್ತೆ ಹೇಳಬೇಕು. ಪಾಳಿ ಹಾಕಿಕೊಂಡು ಒಂದು ಗಂಟೆಯಲ್ಲಿ 600 ಸಲ ಹೇಳಿದರೆ 18,000 ಗ್ಯಾಲನ್, ಸುಮಾರು 68,000 ಲೀಟರ್. ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್ ಕಾದು ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ: 6,000 ಲೀಟರಿನ ಹನ್ನೊಂದು ಟ್ಯಾಂಕರ್, ಒಂದೇ ಗಂಟೆಯಲ್ಲಿ.

ನದಿ ಪಕ್ಕದ ಊರಲ್ಲಿ ಆ ಹೂಜಿಗೆ 300 ಕೊಟ್ಟರೆ ಜಾಸ್ತಿ. ಆದರೆ ನಮ್ಮ ಕಥೆ ಈಗ ಮರಳುಗಾಡಿನ ಅಂಚಿನ ಒಂದು ಊರಿಗೆ ಬಂದಿದೆ. ಎರಡು ವರ್ಷದಿಂದ ಮಳೆ ಇಲ್ಲ, ಇರುವ ಮೂರು ಬಾವಿ ಮೂರು ಮನೆತನದ ಕೈಯಲ್ಲಿ. ಹೂಜಿ ಇರುವುದು ಕ್ಲೆರಿಕ್ ಚೀಲದಲ್ಲಿ. ಅವಳಿಗೆ ಅದನ್ನು ಊರಿಗೆ ಸುಮ್ನೆ ಕೊಟ್ಟುಬಿಡುವ ಮನಸ್ಸಿದೆ. ಬಾವಿ ಯಜಮಾನರು ಆಗಲೇ ಆಳುಗಳ ಕೈಯಲ್ಲಿ ಥೈಲಿ ಕಳಿಸಿದ್ದಾರೆ. ಆಟ ನಿಂತಿರುವುದು ಅಲ್ಲಿಗೆ, ಥೈಲಿ ಇನ್ನೂ ಬಿಚ್ಚಿಲ್ಲ. ಈ ಶನಿವಾರ ಅವರು ಎಷ್ಟರವರೆಗೆ ಏರುತ್ತಾರೋ ಅದನ್ನೇ ಆ ಕೋಶದಲ್ಲಿ ಬರೆಯುತ್ತೇನೆ, ಪಕ್ಕದಲ್ಲಿ ಊರಿನ ಹೆಸರನ್ನೂ.